ನೆಟ್ಟಗೆ ಕಾಣುವ ಅಕ್ಕ

ಫೋನನ್ನು ಹೇಗೆ ಹಿಡಿದರೂ, ನಾವು ಎಲ್ಲಿ ಹೊರಳಿಕೊಂಡು ಬಿದ್ದಿದ್ದರೂ, ಎದುರಿನವರ ಕಣ್ಣಿಗೆ ನೆಟ್ಟಗೆ ಕೂತ ಹಾಗೆಯೇ ಕಂಡರೆ ಹೇಗೆ? ಈ ಪ್ರಶ್ನೆ ಹುಟ್ಟಿದ್ದು ಹುಬ್ಬಳ್ಳಿಯ ಗೋಕುಲ ರಸ್ತೆಯ, ವಿಡಿಯೋ ಕರೆಯ ಆ್ಯಪ್ ಮಾಡುವ ಒಂದು ಕಚೇರಿಯಲ್ಲಿ, ಸಂಜೆಯ ಗಿರಮಿಟ್ಟು ಚುರುಮುರಿಯ ಪೊಟ್ಟಣ ಬಿಚ್ಚುವ ಹೊತ್ತಿನಲ್ಲಿ. ಕೇಳಿದವಳು ಗುರುದೇವಿ. ಕೇಳಿ ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವಳು ಅದನ್ನು ಮಾಡಿಯೂ ತೋರಿಸಿದಳು.

ವಿಡಿಯೋ ಕರೆಯ ನಡುವೆ ಫೋನು ತಿರುಗಿದರೆ ಆಗುತ್ತಿದ್ದ ಫಜೀತಿ ಆ ಕಾಲದವರಿಗೆಲ್ಲ ಗೊತ್ತಿದ್ದದ್ದೇ. ಫೋನಿನ ಹೊಟ್ಟೆಯೊಳಗೆ ಅಕ್ಕಿಕಾಳಿಗಿಂತ ಚಿಕ್ಕದೊಂದು ಚಿಪ್ ಕೂತು, ನೆಲ ಯಾವ ಕಡೆಗಿದೆ ಎಂದು ಸದಾ ಹೇಳುತ್ತಿರುತ್ತದೆ. ಫೋನು ಅಡ್ಡವಾಯಿತು ಎಂದು ಅದು ಹೇಳಿದ ಕೂಡಲೇ ಆ್ಯಪ್ ಉದ್ದನೆಯ ಪರದೆಯನ್ನು ಕೆಡವಿ, ಅಗಲದ ಪರದೆಯನ್ನು ಹೊಸದಾಗಿ ಕಟ್ಟಬೇಕು. ಕೆಡವಿ ಕಟ್ಟುವ ಆ ಗಡಿಬಿಡಿಯಲ್ಲಿ ಕರೆಯೇ ಕಡಿದುಹೋಗುತ್ತಿತ್ತು, ಇಲ್ಲವೇ ದನಿ ಒಂದು ಕಡೆ ಮುಖ ಒಂದು ಕಡೆ ಆಗುತ್ತಿತ್ತು. ಗುರುದೇವಿ ಆ ಚಿಪ್ಪಿನ ಬಾಯಿಯನ್ನೇ ಮುಚ್ಚಿಸಿದಳು. ನೆಲ ಎಲ್ಲಿದೆ ಎಂದು ಕೇಳುವುದೇ ಬೇಡ, ಮುಖ ಎಲ್ಲಿದೆ ಎಂದಷ್ಟೇ ಕೇಳೋಣ ಎಂದಳು. ಹಣೆ ಎತ್ತ ಇದೆಯೋ ಅದೇ ಮೇಲು, ಗದ್ದ ಎತ್ತ ಇದೆಯೋ ಅದೇ ಕೆಳಗು. ಉಳಿದದ್ದನ್ನು ಯಂತ್ರವೇ ಬರೆದು ತುಂಬುತ್ತದೆ. ದಿಂಬಿನ ಮೇಲೆ ಚದುರಿದ ಕೂದಲು ಭುಜದ ಮೇಲೆ ಇಳಿಯುತ್ತದೆ, ಜೋತ ಕೆನ್ನೆ ಮೇಲೇರುತ್ತದೆ, ದಿಂಬು ಇದ್ದ ಜಾಗದಲ್ಲಿ ಒಂದು ಸಭ್ಯವಾದ ಗೋಡೆ ಬರುತ್ತದೆ.

ಆ್ಯಪಿನ ಹೆಸರು ‘ಎದುರುಬದುರು’. ಈ ಹೊಸ ಸೌಕರ್ಯಕ್ಕೆ ‘ನೆಟ್ಟಗೆ’ ಎಂದೇ ಹೆಸರಿಟ್ಟರು. ರೊಟ್ಟಿ ಬಡಿಯುತ್ತಲೋ ಪಾತ್ರೆ ತಿಕ್ಕುತ್ತಲೋ ಮಾತಾಡುವವರ ಕೈ ಖಾಲಿ ಇರುವುದಿಲ್ಲವಲ್ಲ, ಅವರಿಗಾಗಿ ಗುರುದೇವಿ ಎರಡು ಮಾತುಗಳನ್ನೂ ಸೇರಿಸಿದಳು. ಬಾಯಿಬಿಟ್ಟು ‘ಅಡ್ಡ’ ಎಂದರೆ ಇಬ್ಬರ ಪರದೆಯೂ ಅಗಲವಾಗುತ್ತದೆ, ‘ನೆಟ್ಟಗೆ’ ಎಂದರೆ ಮತ್ತೆ ಉದ್ದವಾಗುತ್ತದೆ. ಸಣ್ಣ ಮಾತು, ಮಕ್ಕಳಿಗೂ ಗೊತ್ತಾಗುವ ಮಾತು. ಕಚೇರಿಯ ಹಿರಿಯ ವಾಮನ ಶೆಣೈ, ಮಂಗಳೂರಿನವರು, ಚೆಂದ ಉಂಟು ಎಂದು ಒಪ್ಪಿದರು.

ಜನ ಮುಗಿಬಿದ್ದರು. ಹುಡುಗರು ಕಂಬಳಿಯೊಳಗಿಂದಲೇ ಕ್ಲಾಸಿಗೆ ಹಾಜರಾದರು. ದೊಡ್ಡ ಸಾಹೇಬರು ಆರಾಮಕುರ್ಚಿಯಲ್ಲಿ ಕಾಲು ಚಾಚಿ ಮೀಟಿಂಗ್ ನಡೆಸಿದರು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಗಂಡು ಮಂಚದ ಮೇಲಿಂದ ಎದ್ದಿರಲೇ ಇಲ್ಲ ಎಂಬುದು ಮದುವೆಯಾದ ಮೇಲೆ ಗೊತ್ತಾಗಿ ಎರಡು ಮನೆಗಳಲ್ಲಿ ನಗೆ, ಒಂದು ಮನೆಯಲ್ಲಿ ಜಗಳ. ಇಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಕಾಯಿಲೆ ಬಿದ್ದವರನ್ನು ನೋಡಲು ಹೋಗುವವರೂ ಕಡಿಮೆಯಾದರು. ನಿನ್ನೆ ತಾನೇ ಮಾತಾಡಿದೆ, ಗುಂಡುಕಲ್ಲಿನಂತೆ ಕೂತಿದ್ದರು ಎಂದು ನೆಂಟರು ಒಬ್ಬರಿಗೊಬ್ಬರು ಹೇಳಿಕೊಂಡು ಬಸ್ಸಿನ ಪ್ರಯಾಣ ಉಳಿಸಿದರು. ಹಾಸಿಗೆ ಹಿಡಿದವರಿಗೂ ಇದು ಹಿತವಾಗಿಯೇ ಇತ್ತು. ಯಾರಿಗೆ ತಾನೇ ತನ್ನ ಬಿದ್ದ ಮುಖ ತೋರಿಸುವ ಆಸೆ ಇರುತ್ತದೆ?

ಯಂತ್ರಕ್ಕೆ ಮುಖ ಕಲಿಸಲು ಮೊದಲು ಬೇಕಾಗಿದ್ದು ಒಂದು ಮುಖ. ಗುರುದೇವಿ ಕೊಟ್ಟಿದ್ದು ತನ್ನ ಅಕ್ಕ ಕಸ್ತೂರಿಯ ಮುಖವನ್ನು. ತಾಯಿ ಹೋದ ಮೇಲೆ ಅವಳನ್ನು ಸಾಕಿ ಓದಿಸಿದ ಅಕ್ಕ. ಬಾಗಲಕೋಟೆಯ ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್. ಕಿವಿಯಲ್ಲಿ ಅವ್ವನ ಜುಮಕಿ, ಬಾಯಿಯಲ್ಲಿ ಊರಿನವರೆಲ್ಲ ಹೆದರುವ ಸೀಟಿ. ರಜೆ ಹಾಕಿ ಬಂದು ಹುಬ್ಬಳ್ಳಿಯ ಕಚೇರಿಯಲ್ಲಿ ಕೂತು, ಹೇಳಿದ ಕಡೆಗೆಲ್ಲ ಕತ್ತು ತಿರುಗಿಸಿ, ನಕ್ಕು, ಸಿಟ್ಟಾಗಿ, ಆಕಳಿಸಿ ತೋರಿಸಿದ್ದಳು. ಅಡ್ಡ ಹಿಡಿದ ಫೋನಿನಲ್ಲಿ ಜುಮಕಿ ಕೆನ್ನೆಯ ಮೇಲೆ ಮಲಗಿಕೊಂಡು ಗುಟ್ಟು ರಟ್ಟು ಮಾಡುತ್ತಿದ್ದುದನ್ನು ಕಂಡು, ಅದನ್ನೂ ನೇರವಾಗಿ ತೂಗುಬಿಡುವುದನ್ನು ಗುರುದೇವಿ ಯಂತ್ರಕ್ಕೆ ಕಲಿಸಿದ್ದಳು. ಹೀಗಾಗಿ ಜಗತ್ತಿನ ಯಾವ ಮುಖ ತಪ್ಪಿದರೂ ಕಸ್ತೂರಕ್ಕನ ಮುಖ ಆ ಯಂತ್ರಕ್ಕೆ ತಪ್ಪುತ್ತಿರಲಿಲ್ಲ, ಅದು ಅವಳನ್ನು ಬಾಯಿಪಾಠ ಮಾಡಿಕೊಂಡಿತ್ತು.

ಈಗ ಗುರುದೇವಿಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲು. ಅಲುಗಾಡುವ ಪ್ರಯಾಣ ಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಬಾಣಂತನಕ್ಕೆ ತವರೆಂದರೆ ಅಕ್ಕನೇ, ಆದ್ದರಿಂದ ಅಕ್ಕನೇ ಹುಬ್ಬಳ್ಳಿಗೆ ಬರುವುದೆಂದು ಮಾತಾಗಿತ್ತು. ಬರುವ ದಿನವನ್ನು ಅವಳು ಮುಂದಕ್ಕೆ ತಳ್ಳುತ್ತಲೇ ಇದ್ದಳು. ಮೊದಲು ಡಿಪೋದಲ್ಲಿ ರಜೆ ಸಿಗಲಿಲ್ಲ ಎಂದಳು, ಆಮೇಲೆ ಬಾಣಂತಿಗೆ ಕೊಡುವ ಅಂಟಿನುಂಡಿಗೆ ಒಳ್ಳೆಯ ಅಂಟು ಸಿಗಲಿಲ್ಲ ಎಂದಳು. ದಿನಾ ಸಂಜೆ ಕರೆ ಮಾತ್ರ ತಪ್ಪುತ್ತಿರಲಿಲ್ಲ. ಹಣೆಯ ಕುಂಕುಮ ನೆಟ್ಟಗೆ, ಬೈತಲೆ ನೆಟ್ಟಗೆ, ಹಿಂದೆ ತಿಳಿಹಸಿರು ಗೋಡೆ. ಆರಾಮ ಅದೀಯಿಲ್ಲ ಎಂದು ಕೇಳುವುದು, ಆರಾಮ ಅದೀನಿ ಎಂದು ಹೇಳುವುದು.

ಆದರೂ ಗುರುದೇವಿಗೆ ಸಮಾಧಾನವಿರಲಿಲ್ಲ. ಮೊದಲಾದರೆ ಅಕ್ಕ ಕರೆಯಲ್ಲಿ ಒಂದು ಕಡೆ ನಿಂತವಳೇ ಅಲ್ಲ. ಮಾತಾಡುತ್ತಲೇ ಒಲೆ ಹಚ್ಚುತ್ತಿದ್ದಳು, ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಮರೆತು ಹೋಗುತ್ತಿದ್ದಳು. ಈಗ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಳ್ಳುವವಳ ಹಾಗೆ ಕದಲದೆ ಕೂತಿರುತ್ತಾಳೆ. ಇದನ್ನು ಗಂಡ ಶಿವಪುತ್ರನಿಗೆ ಹೇಳಿದರೆ, ಕಾಲೇಜಿನಲ್ಲಿ ಪಾಠ ಮಾಡುವ ಆತ, ಬಸುರಿಯರಿಗೆ ಹೀಗೆಲ್ಲ ಅನಿಸುತ್ತದೆ ಎಂದು ಎಲ್ಲೋ ಓದಿದ್ದನ್ನು ಹೇಳಿದ. ಅವಳು ಕಾಲು ಸುಟ್ಟ ಬೆಕ್ಕಿನ ಹಾಗೆ ಕೋಣೆಯಿಂದ ಕೋಣೆಗೆ ಓಡಾಡಿದಳು.

ಕಚೇರಿಯಲ್ಲಿಯೂ ನೆಮ್ಮದಿ ಇರಲಿಲ್ಲ. ಒಳಕೋಣೆಯ ಗೋಡೆ ತುಂಬ ಕರ್ನಾಟಕದ ನಕಾಶೆ ಇತ್ತು. ಎಲ್ಲಿಯಾದರೂ ಕರೆಯ ನಡುವೆ ಪರದೆ ತಿರುಗಿದರೆ ಅಲ್ಲಿ ಒಂದು ಹಳದಿ ಚುಕ್ಕೆ ಮಿನುಗಿ ಆರುತ್ತದೆ. ಯಾರು ಏನು ಮಾತಾಡಿದರು, ಪರದೆ ಬೆರಳಿನಿಂದ ತಿರುಗಿತೋ ಮಾತಿನಿಂದ ತಿರುಗಿತೋ ಎಂಬುದೆಲ್ಲ ಕಚೇರಿಗೆ ಬರುವಂತಿರಲಿಲ್ಲ, ಅದು ಜನರ ಮನೆಯ ವಿಷಯ. ಕೆಲವು ವಾರಗಳಿಂದ ದೂರುಗಳು ಬರುತ್ತಿದ್ದವು. ನಾವು ತಿರುಗಿಸದಿದ್ದರೂ ಪರದೆ ತಾನಾಗಿ ತಿರುಗುತ್ತದೆ, ತಿರುಗುವಾಗ ರೆಪ್ಪೆ ಬಡಿಯುವಷ್ಟು ಹೊತ್ತು ನಮ್ಮ ಮುಖ ಕೆಟ್ಟದಾಗಿ ಕಾಣುತ್ತದೆ ಎಂದು. ಎರಡನೆಯ ಮಾತಿಗೆ ಕಾರಣ ಗೊತ್ತಿತ್ತು. ಪರದೆ ಕೆಡವಿ ಕಟ್ಟುವ ಆ ಗಳಿಗೆಯಲ್ಲಿ ‘ನೆಟ್ಟಗೆ’ ಇನ್ನೂ ಎಚ್ಚರಗೊಂಡಿರುವುದಿಲ್ಲ, ಕ್ಯಾಮರಾ ಕಂಡದ್ದು ಕಂಡ ಹಾಗೆಯೇ ದಾಟಿಬಿಡುತ್ತದೆ. ಅದಕ್ಕೆ ಕಚೇರಿಯಲ್ಲಿ ‘ಮಿಟುಕು’ ಎಂದು ಹೆಸರು ಬಿದ್ದಿತ್ತು.

ತಾನಾಗಿ ಯಾಕೆ ತಿರುಗುತ್ತದೆ ಎಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಚುಕ್ಕೆಗಳು ಮಿನುಗುವುದು ಬಾಗಲಕೋಟೆ, ವಿಜಯಪುರ, ಗದಗ, ರಾಯಚೂರುಗಳ ಕಡೆ. ಮಂಗಳೂರಿನಲ್ಲಿ ಹೆಚ್ಚೂಕಡಿಮೆ ಕತ್ತಲೆ. ಅದರಲ್ಲಿಯೂ ಮಧ್ಯಾಹ್ನ ಊಟದ ಹೊತ್ತು ಮುಗಿದ ಮೇಲೆ ಉತ್ತರದ ಜಿಲ್ಲೆಗಳು ದೀಪಾವಳಿಯ ಹಾಗೆ ಬೆಳಗುತ್ತಿದ್ದವು. ಶೆಣೈಯವರು ತಲೆ ಕೆರೆದುಕೊಂಡು, ನಿಮ್ಮ ಆ ಕಡೆಯ ಬಿಸಿಲು ಮಾರಾಯ್ರೇ, ಫೋನು ಕಾದು ಹುಚ್ಚು ಹಿಡಿಯುವುದು ಎಂದರು. ಗುರುದೇವಿಯೂ ಹೌದೆಂದು ತಲೆಯಾಡಿಸಿದಳು. ಅವಳು ಬಾಗಲಕೋಟೆಯ ಹುಡುಗಿ, ಆದರೆ ಕಚೇರಿಗೆ ಬರುವಾಗ ಮನೆಯ ಮಾತನ್ನು ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಟ್ಟು ಬರುವುದು ಅವಳಿಗೆ ರೂಢಿಯಾಗಿತ್ತು. ಮುಂದಿನ ವಾರದಿಂದ ‘ಎದುರುಬದುರು’ವಿನ ಮೂಲಕವೇ ಹಳ್ಳಿಯ ರೋಗಿಗಳನ್ನು ಡಾಕ್ಟರುಗಳು ನೋಡುವ ಏರ್ಪಾಡು ಶುರುವಾಗುವುದಿತ್ತು. ಅಷ್ಟರೊಳಗೆ ಮಿಟುಕನ್ನಾದರೂ ಮುಚ್ಚಿಬಿಡಿ, ತಿರುಗುವುದರ ಕಾರಣ ಆಮೇಲೆ ಹುಡುಕೋಣ ಎಂದು ಶೆಣೈ ಅವಳಿಗೆ ಕೆಲಸ ಹಚ್ಚಿದರು. ಅವಳು ಮುಚ್ಚುವ ಮದ್ದನ್ನು ಬರೆದು ಮುಗಿಸಿಯೂ ಇದ್ದಳು. ಶುಕ್ರವಾರ ಅದು ಎಲ್ಲರ ಫೋನಿಗೆ ಹೋಗುವುದಿತ್ತು.

ಬುಧವಾರ ಸಂಜೆ ಗುರುದೇವಿ ಮನೆಗೆ ಬಂದ ಮೇಲೆ ಅಕ್ಕನ ಕರೆ ಬಂತು. ಎಂದಿನಂತೆ ಕುಂಕುಮ, ಬೈತಲೆ, ಹಸಿರು ಗೋಡೆ. ಕೂಸು ಒದೆಯುತ್ತದೆಯೇ, ಕಾಲು ಬಾತಿವೆಯೇ ಎಂದು ವಿಚಾರಿಸುತ್ತಿದ್ದಾಗ ಆ ಮನೆಯೊಳಗಿಂದ ಯಾರೋ ಕೂಗಿದರು. ಪಕ್ಕದ ಮನೆಯ ಮೈಬೂಬಿಯ ದನಿ. ಚಹಾ ತಂದಿದ್ದಾಳೆ, ಆರುತ್ತದೆ, ಕುಡಿ ಎನ್ನುತ್ತಿದ್ದಾಳೆ. ಅಕ್ಕ ಮುಖ ಆಚೆ ತಿರುಗಿಸಿ, ದನಿ ತಗ್ಗಿಸಿ ಹೇಳಿದಳು.

“ಅಲ್ಲೇ ಇಡು ಬೇ. ಅಡ್ಡಾಗೀನಿ, ಆಮ್ಯಾಲೆ ಕುಡೀತೀನಿ.”

ತಗ್ಗಿಸಿದ ದನಿ ಮೈಬೂಬಿಗೆ ಕೇಳಿತೋ ಇಲ್ಲವೋ, ಫೋನಿಗೆ ಕೇಳಿತು. ‘ಅಡ್ಡ’ ಎಂಬ ಮಾತು ಹಿಡಿದು ಪರದೆ ತಿರುಗಿತು. ಆ ಮಿಟುಕಿನಲ್ಲಿ ಹಸಿರು ಗೋಡೆ ಹೋಗಿ ಎಣ್ಣೆಗಟ್ಟಿದ ದಿಂಬು ಬಂತು. ದಿಂಬಿಗೆ ಒತ್ತಿ ಸೊಟ್ಟಗಾದ ಕೆನ್ನೆ, ಆ ಕೆನ್ನೆಯ ಮೇಲೆ ಮಲಗಿದ ಜುಮಕಿ. ಮರುಗಳಿಗೆ ಅಕ್ಕ ಅಗಲದ ಪರದೆಯ ನಡುವೆ ನೆಟ್ಟಗೆ ಕೂತು ನಗುತ್ತಿದ್ದಳು.

ಕಚೇರಿಯ ಗೋಡೆಯ ನಕಾಶೆಯ ಅಷ್ಟೂ ಚುಕ್ಕೆಗಳು ಒಮ್ಮೆಗೇ ಗುರುದೇವಿಯ ಕಣ್ಣ ಮುಂದೆ ಹೊತ್ತಿಕೊಂಡವು. ಬಿಸಿಲೂ ಅಲ್ಲ, ಫೋನಿನ ಹುಚ್ಚೂ ಅಲ್ಲ. ಉಂಡು ಮಲಗಿದ ಜನ ಅಡ್ಡಾಗೀನಿ ಎನ್ನುತ್ತಿದ್ದಾರೆ, ಹುಷಾರಿಲ್ಲದವರು ಅಡ್ಡಾಗೀನಿ ಎನ್ನುತ್ತಿದ್ದಾರೆ. ತಾನು ಹುಟ್ಟಿದಾಗಿನಿಂದ ಕೇಳಿದ ಮಾತು ಅದು. ಮಲಗಿದ್ದೇನೆ ಎಂದು ಅವರು ಬಾಯಿಬಿಟ್ಟು ಹೇಳುವುದು, ತನ್ನ ಯಂತ್ರ ಅದನ್ನು ಅಪ್ಪಣೆ ಎಂದುಕೊಂಡು ಪರದೆ ತಿರುಗಿಸಿ ಮತ್ತೆ ಅವರನ್ನು ಎಬ್ಬಿಸಿ ಕೂರಿಸುವುದು.

ಯಾಕೆ ಮಲಗಿದ್ದೀ ಎಂದು ಕೇಳಿದಳು. ಎಲ್ಲಿ ಮಲಗೀನಿ, ಕುಂತೀನಲ್ಲ, ಕಾಣೂದಿಲ್ಲೇನು ಎಂದಳು ಅಕ್ಕ. ಕಾಣುತ್ತಿತ್ತು, ನಿಜ. ಗುರುದೇವಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನೆಟ್ಟಗೆ, ಅಡ್ಡ, ನೆಟ್ಟಗೆ, ಅಡ್ಡ ಎಂದು ಮಂತ್ರ ಹಿಡಿದವಳ ಹಾಗೆ ಹೇಳತೊಡಗಿದಳು. ಪರದೆ ಬಿದ್ದು ಎದ್ದು, ಬಿದ್ದು ಎದ್ದು, ಒಂದೊಂದು ಮಿಟುಕಿನಲ್ಲಿ ಒಂದೊಂದು ಚೂರು ದಾಟಿಸಿತು. ಕಬ್ಬಿಣದ ಮಂಚದ ಸರಳು. ಸೊಂಟಕ್ಕೆ ಸುತ್ತಿದ ಎಲುಬು ಕಟ್ಟುವವನ ಪಟ್ಟಿ. ಕಣ್ಣ ಕೆಳಗಿನ ಕಪ್ಪು. ಹುಚ್ಚು ಹಿಡೀತೇನ ನಿನಗ ಎಂದು ಅಕ್ಕ ಗದರುತ್ತಿದ್ದಳು. ಗದರುವ ಆ ಮುಖ ಮಾತ್ರ ಕಚೇರಿಯಲ್ಲಿ ಕಲಿಸಿದ ಹಾಗೆಯೇ ಚೆಂದವಾಗಿ ಸಿಟ್ಟಾಗಿತ್ತು.

“ಮೈಬೂಬಕ್ಕಾ, ಫೋನ್ ಕಸಗೋ,” ಎಂದಳು ಸೊಂಟದ ಆ ಪಟ್ಟಿಯನ್ನು ಕಂಡ ಗುರುದೇವಿ. “ಆಕಿ ಕಾಲ ಕಡೆ ಹಿಡಿ.”

ಅಲ್ಲಿ ಸ್ವಲ್ಪ ಎಳೆದಾಟ ನಡೆಯಿತು. ಆಮೇಲೆ ಪರದೆಯ ಮೇಲೆ ಎರಡು ಪಾದಗಳು ಬಂದವು. ಪಾದಕ್ಕೆ ಹಣೆಯೂ ಇಲ್ಲ, ಗದ್ದವೂ ಇಲ್ಲ. ಮುಖ ಸಿಗದೆ ಯಂತ್ರ ಸೋತು, ಬಾಯಿ ಮುಚ್ಚಿಸಿದ್ದ ಹಳೆಯ ಚಿಪ್ಪನ್ನೇ ಕೇಳಬೇಕಾಯಿತು. ನೆಲ ಇರುವ ಕಡೆ ನೆಲ, ಮಂಚ ಇರುವ ಕಡೆ ಮಂಚ. ವರ್ಷಗಟ್ಟಲೆ ಬಸ್ಸಿನ ಮೆಟ್ಟಿಲು ಹತ್ತಿಳಿದ ಪಾದಗಳು ಕಾಲುಂಗುರ ಸಮೇತ ಸುಮ್ಮನೆ ಬಿದ್ದಿದ್ದವು.

“ಹೆಬ್ಬೆರಳ ಆಡಸಕ್ಕಾ.”

“ಆಡಸಾಕತ್ತೀನಲ್ಲ,” ಎಂದಿತು ಅಕ್ಕನ ದನಿ, ಬೇಸರದಿಂದ. “ನೋಡು ಬೇಕಾದ್ರ.”

ಬೆರಳು ಅಲುಗಲಿಲ್ಲ. ಮೈಬೂಬಿ ಕ್ಯಾಮರಾದ ಹಿಂದಿನಿಂದ ಯಾ ಅಲ್ಲಾ ಎಂದದ್ದು ಕೇಳಿಸಿತು. ಅಕ್ಕ ಎರಡನೆಯ ಸಲ ಆಡಿಸಿದೆ ಎಂದಳು, ಮೂರನೆಯ ಸಲ, ಆಡಾವಲ್ದೇನು ಎಂದು ಮೈಬೂಬಿಯನ್ನು ಕೇಳಿದಳು.

ವಿಷಯ ಹೊರಬಿದ್ದದ್ದು ಆಮೇಲೆ. ಕೆಲವು ವಾರಗಳ ಹಿಂದೆ ಅಕ್ಕ ಬಸ್ಸಿನ ಫುಟ್‌ಬೋರ್ಡಿನಿಂದ ಹಿಂದಕ್ಕೆ ಬಿದ್ದಿದ್ದಳು. ಎಲುಬು ಕಟ್ಟುವವನು ಪಟ್ಟಿ ಸುತ್ತಿ, ಮಲಗಿದರೆ ಹೋಗುತ್ತದೆ ಎಂದಿದ್ದ. ಮೊದಲು ಬರೀ ನೋವು ಇತ್ತು. ಎರಡು ದಿನದಿಂದ ತೊಡೆಯ ಸಂದು ಮರಗಟ್ಟಿ, ಬಚ್ಚಲಿಗೆ ಹೋಗಬೇಕೆಂಬ ಅರಿವೇ ಹೋಗಿತ್ತು. ನಾಚಿಕೆಯಿಂದ ಅದನ್ನು ಮೈಬೂಬಿಗೂ ಹೇಳಿರಲಿಲ್ಲ. ತಂಗಿಗೆ ಗೊತ್ತಾದರೆ ತುಂಬಿದ ಹೊಟ್ಟೆ ಹೊತ್ತುಕೊಂಡು ಬಸ್ಸು ಹತ್ತಿ ಬರುತ್ತಾಳೆ, ಬಂದು ಹೆಚ್ಚುಕಡಿಮೆ ಮಾಡಿಕೊಳ್ಳುತ್ತಾಳೆ ಎಂಬ ಹೆದರಿಕೆ ಅವಳಿಗೆ. ಹೇಗೂ ಆ್ಯಪ್ ಇತ್ತಲ್ಲ. ತಂಗಿಯೇ ಮಾಡಿದ ಆ್ಯಪ್ ತಂಗಿಯ ಕಣ್ಣಿಗೇ ಮಣ್ಣೆರಚುತ್ತದೆ ಎಂದು ಗೊತ್ತಿತ್ತು.

ಮೈಬೂಬಿಯ ಮಗ ಆಂಬುಲೆನ್ಸ್ ಕರೆಸಿದ. ಶಿವಪುತ್ರ ಸಿಕ್ಕ ಬಸ್ಸು ಹತ್ತಿ ಬಾಗಲಕೋಟೆಗೆ ಹೊರಟ. ಗುರುದೇವಿ ತಾನೂ ಬರುತ್ತೇನೆಂದು ಚಪ್ಪಲಿ ಮೆಟ್ಟಿ ನಿಂತಳು. ಆತ ಅವಳ ಹೊಟ್ಟೆಯನ್ನು ನೋಡಿದ, ಅವಳು ಚಪ್ಪಲಿ ಬಿಟ್ಟಳು. ಆಸ್ಪತ್ರೆಯಲ್ಲಿ ಡಾಕ್ಟರು, ಬೆನ್ನುಮೂಳೆಯ ನಡುವಿನ ಡಿಸ್ಕ್ ಜಾರಿ ಕಾಲಿನ ನರಗಳನ್ನೆಲ್ಲ ಒತ್ತಿ ಹಿಡಿದಿದೆ, ಈಗಿಂದೀಗಲೇ ಕೊಯ್ಯಬೇಕು ಎಂದರು. ಮೊದಲೇ ಬಂದಿದ್ದರೆ ಎರಡೂ ಕಾಲಿಗೆ ಭರವಸೆ ಕೊಡಬಹುದಿತ್ತು, ಇನ್ನೂ ತಡವಾಗಿದ್ದರೆ ಒಂದಕ್ಕೂ ಇಲ್ಲ ಎಂದು ಶಿವಪುತ್ರನಿಗೆ ತಿಳಿಸಿದರು. ಅವನು ಅದನ್ನು ಹಾಗೆಯೇ ಫೋನಿನಲ್ಲಿ ಹೇಳಿದ. ಗುರುದೇವಿ ಅತ್ತಳು, ಅಳುತ್ತಲೇ ಮನೆಯೆಲ್ಲ ಗುಡಿಸಿದಳು, ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು.

ಮರುದಿನ ಬೆಳಿಗ್ಗೆ ಒಳಕೋಣೆಯ ನಕಾಶೆಯ ಮುಂದೆ ಶೆಣೈಯವರನ್ನು ಕೂರಿಸಿ, ಚುಕ್ಕೆ ಮಿನುಗಿದಾಗಲೆಲ್ಲ ಇವರು ಮಲಗಿದ್ದೇನೆ ಎನ್ನುತ್ತಿದ್ದಾರೆ ಸರ್ ಎಂದಳು. ಮಧ್ಯಾಹ್ನದವರದು ನಿದ್ದೆ ಇರಬಹುದು. ಈಗ, ಬೆಳ್ಳಂಬೆಳಿಗ್ಗೆ, ಜನ ಹೊಲಕ್ಕೋ ಸಾಲೆಗೋ ಹೋಗುವ ಹೊತ್ತಿನಲ್ಲಿ ಮಿನುಗುತ್ತಿವೆಯಲ್ಲ, ಅವರು ಯಾಕೆ ಮಲಗಿದ್ದಾರೆ? ಶೆಣೈ ಕನ್ನಡಕ ತೆಗೆದು ಒರೆಸಿದರು. ಮುದ್ದೇಬಿಹಾಳದ ಹತ್ತಿರ ಒಂದು ಚುಕ್ಕೆ ಹೊತ್ತಿ ಆರಿತು, ಸ್ವಲ್ಪ ಹೊತ್ತಿಗೆ ಅಲ್ಲೇ ಮತ್ತೆ ಹೊತ್ತಿತು. ಅವರು ಅದನ್ನೇ ನೋಡುತ್ತ ಕೂತರು.

“ಡಾಕ್ಟರಿಗೂ ಇವರು ಕೂತ ಹಾಗೆ ಕಾಣುವುದಲ್ವಾ,” ಎಂದರು ಕೊನೆಗೆ.

“ಹೌದು ಸರ್. ಶುಕ್ರವಾರದಿಂದ ಮಿಟುಕೂ ಇರೋದಿಲ್ಲ.”

ಮದ್ದು ಶುಕ್ರವಾರ ಹೋಗಲಿಲ್ಲ. ಅದರ ಬದಲು ಗುರುದೇವಿ ಆ ಚಿಪ್ಪಿನ ಬಾಯಿಗೆ ಹಾಕಿದ್ದ ಬೀಗ ತೆಗೆದಳು. ಇನ್ನು ಮೇಲೆ ಮಲಗಿದವರು ಮಲಗಿದ ಹಾಗೆಯೇ ಕಾಣುತ್ತಾರೆ, ಜುಮಕಿ ಬಿದ್ದ ಕಡೆ ಬೀಳುತ್ತದೆ. ಜನ ಬಾಯಿಗೆ ಬಂದಂತೆ ಬೈದರು. ಕ್ಲಾಸಿನಲ್ಲಿ ಹುಡುಗರು ಸಿಕ್ಕಿಬಿದ್ದರು, ಸಾಹೇಬರುಗಳು ಎದ್ದು ಕೂರಬೇಕಾಯಿತು. ಮೇಲಿನವರು ಶೆಣೈಯವರನ್ನು ಕರೆಸಿ ಬಿಸಿ ಮುಟ್ಟಿಸಿದರು. ಎಳೆದಾಡಿ ಎಳೆದಾಡಿ ಕೊನೆಗೆ ಒಪ್ಪಂದವಾದದ್ದು ಇಷ್ಟು: ಕಚೇರಿಯ ಕರೆಗಳಲ್ಲಿ ಬೇಕಾದವರು ‘ನೆಟ್ಟಗೆ’ ಇಟ್ಟುಕೊಳ್ಳಲಿ, ಡಾಕ್ಟರಿನ ಕರೆಯಲ್ಲಿಯೂ ಮನೆಯ ಕರೆಯಲ್ಲಿಯೂ ಅದು ಇರಕೂಡದು. ಅರ್ಧ ಗೆಲುವು. ಗುರುದೇವಿಗೆ ಅದರಿಂದ ತೃಪ್ತಿಯೇನೂ ಆಗಲಿಲ್ಲ. ಆದರೆ ಅಷ್ಟರಲ್ಲಿ ದಿನ ತುಂಬಿ, ಅವಳ ಹೊಟ್ಟೆ ಇಳಿದು ನೋವು ಶುರುವಾಗಿತ್ತು.

ಹೆಣ್ಣುಕೂಸು. ಬಾಣಂತನಕ್ಕೆ ಅತ್ತೆ ಬಂದರು. ಅಂಟಿನುಂಡಿ ಮಾತ್ರ ಬಾಗಲಕೋಟೆಯಿಂದಲೇ ಬಂತು. ಮಂಚದ ಮೇಲಿಂದ ಅಕ್ಕ ಹೇಳಿಕೊಟ್ಟ ಹಾಗೆ ಮೈಬೂಬಿ ಕಟ್ಟಿದ್ದು. ಅಕ್ಕನ ಎಡಗಾಲು ಸ್ವಲ್ಪ ಸ್ವಲ್ಪವೇ ಮರಳಿತ್ತು. ಬಲಗಾಲು ಬಂದಿರಲಿಲ್ಲ. ಬರಲೂಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಅಂದಿದ್ದರು.

ಕರೆ ಈಗಲೂ ದಿನಾ ಸಂಜೆಯೇ. ಕಸ್ತೂರಕ್ಕ ದಿಂಬಿನ ಮೇಲೆ ಒಂದು ಕಡೆಗೆ ವಾಲಿ ಮಲಗಿರುತ್ತಾಳೆ, ಬಾಣಂತಿ ಕೋಣೆಯಲ್ಲಿ ಗುರುದೇವಿಯೂ ಅದೇ ಕಡೆಗೆ ವಾಲುತ್ತಾಳೆ. ಹಾಗೆ ವಾಲಿಕೊಂಡರೆ ಇಬ್ಬರ ಮುಖಗಳೂ ಸರಿಹೊಂದುತ್ತವೆ. ನಡುವೆ ಕೂಸು, ಅದಕ್ಕೆ ಮಲಗುವುದಲ್ಲದೆ ಬೇರೆ ಗೊತ್ತಿಲ್ಲ. ಮಾತೆಲ್ಲ ಕೂಸಿನದೇ, ಅದರ ಮೂಗು ಯಾರದು, ಸಿಟ್ಟು ಯಾರದು. ಮಾತು ಮುಗಿಯುವ ಹೊತ್ತಿಗೆ ಅಕ್ಕ ಫೋನನ್ನು ಕೈ ಚಾಚಿ ಕೆಳಗೆ ತಿರುಗಿಸುತ್ತಾಳೆ. ಮಲಗಿದಲ್ಲಿಂದ ಅವಳಿಗೆ ಕಾಣದ ಪಾದ ಗುರುದೇವಿಗೆ ಕಾಣುತ್ತದೆ. ಆರಾಮ ಅದೀಯಿಲ್ಲ ಎಂದು ಕೇಳುವುದನ್ನು ಇಬ್ಬರೂ ಬಿಟ್ಟಿದ್ದಾರೆ. ಈಗ ಕೇಳುವುದು ಬೇರೆ.

“ಬಲಗಾಲಿನ ಬೆರಳ ಆಡಸಾಕತ್ತೀನಿ. ಆಡಾಕತ್ತೈತೇನು?”

ಮೊದಲ ದಿನ ಗುರುದೇವಿಗೆ, ಹೌದು ಎಂದುಬಿಡೋಣ, ಅಕ್ಕನಿಗೆ ಖುಷಿಯಾಗಲಿ ಎಂದು ನಾಲಿಗೆಯ ತುದಿಗೆ ಬಂದಿತ್ತು. ಆ ಒಂದು ಮಾತಿನಿಂದ ಅಕ್ಕನನ್ನು ಎತ್ತಿ ನೆಟ್ಟಗೆ ಕೂರಿಸಿಬಿಡಬಹುದಿತ್ತು. ಅವಳು ಕೂಸನ್ನು ಎದೆಗೆ ಒತ್ತಿಕೊಂಡು ಬೆರಳನ್ನೇ ದಿಟ್ಟಿಸಿ ನೋಡಿದಳು.

“ಇಲ್ಲಕ್ಕಾ.”

“ಸರಿ ಹಂಗಾರ,” ಎಂದಳು ಕಸ್ತೂರಿ. “ನಾಳೆ ಕೇಳತೀನಿ.”

ಇವತ್ತೂ ಕೇಳಿದಳು. ಗುರುದೇವಿ ಇವತ್ತೂ ನೋಡಿ, ಕಂಡದ್ದನ್ನೇ ಹೇಳಿದಳು.